ದಂಡಪಿಂಡಕ್ಕೆ ಸಿಕ್ಕ ಕೆಲಸ

ಕೀಲಿ ತಿರುಗಿಸಿದರೆ 'ಟಿಕ್' — ಅಷ್ಟೇ. ಮತ್ತೆ ತಿರುಗಿಸಿದರೆ ಅದೂ ಇಲ್ಲ. ಮುಸ್ಸಂಜೆಯಲ್ಲಿ, ಮುಚ್ಚಿದ ರೈಲ್ವೆ ಗೇಟಿನ ಮುಂದೆ, ನನ್ನ ಮರದ ಮಿಲ್ಲಿನ ಹಳೇ ಲಾರಿ ಕೈಕೊಟ್ಟು ನಿಂತಿತು. ಒಳಗೆ ನಮ್ಮ ಡ್ರೈವರ್. ಪಕ್ಕದಲ್ಲಿ ಎದೆ ಹಿಡಿದುಕೊಂಡು ಕೂತಿದ್ದವರು ಮಿಲ್ಲಿನ ಕಾವಲುಗಾರರು. ನಮಗೆಲ್ಲ ಅವರು ತಾತ. ಬೇರೆ ಗಾಡಿ ಸಿಕ್ಕಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ತಾತ ಹೋಗಿಬಿಟ್ಟಿದ್ದರು.

ಬ್ಯಾಟರಿ ಹೊಚ್ಚ ಹೊಸದು. ಎಲೆಕ್ಟ್ರಿಷಿಯನ್ ಬಂದು, ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರನ್ನು ಬಿಚ್ಚಿ ಅಂಗಡಿಗೆ ಒಯ್ದ, ತಿರುಗಿಸಿ ನೋಡಿದ — ಏನೂ ಕೆಟ್ಟಿಲ್ಲ ಎಂದು ಮತ್ತೆ ತಂದು ಜೋಡಿಸಿದ. ಬೆಲ್ಟು ಬಿಗಿಯಾಗಿದೆ. ವೈರು ಸರಿಯಿದೆ. ಹಾಗಾದರೆ? ಹೊಸ ಬ್ಯಾಟರಿಯನ್ನು ಡ್ರೈವರ್ ಮಾರಿಕೊಂಡು ಹಳತೊಂದನ್ನು ಒರೆಸಿ ಕೂರಿಸಿರಬೇಕು! ಈ ಮಾತು ಮೊದಲು ಹೊರಟಿದ್ದು ನನ್ನ ಬಾಯಿಂದಲೇ. ಸಿಟ್ಟು ಬಂದರೆ ನನಗೆ ಹಿಂದುಮುಂದು ಕಾಣುವುದಿಲ್ಲ. ಮಾತು ತಾತನ ಮಗಳ ಕಿವಿಗೂ ಬಿತ್ತು. ಪೊಲೀಸರಿಗೆ ದೂರು ಕೊಟ್ಟೇ ಕೊಡುತ್ತೇನೆ ಎಂದಳು. ಕೊಟ್ಟರೆ ಡ್ರೈವರ್ ಬಾಳು ಮುಗಿದಂತೆ.

ಚಿಕ್ಕಮ್ಮನನ್ನು ಕರೆಸಿದೆ. ನನ್ನ ಅಮ್ಮನ ತಂಗಿ. ಬಸ್ ಡಿಪೋದಲ್ಲಿ ಅಪಘಾತಗಳ ವಿಚಾರಣೆ ಮಾಡಿ ನಿವೃತ್ತಳಾದವಳು. ಇಂದಿಗೂ ಅವಳೆದುರು ಸುಳ್ಳಾಡಲು ನಮ್ಮ ಮನೆಯಲ್ಲಿ ಯಾರಿಗೂ ಗುಂಡಿಗೆಯಿಲ್ಲ. ಬಂದವಳೇ ಬ್ಯಾಟರಿಯನ್ನು ಬೇರೆ ಕಡೆ ಚಾರ್ಜ್ ಮಾಡಿಸಿ ತರಿಸಿದಳು. ಮರುದಿನ ಎಲ್ಲರನ್ನೂ ಲಾರಿ ಶೆಡ್ಡಿಗೆ ಕರೆದಳು.

ಮರದ ಹೊಟ್ಟಿನ ಘಾಟು. ತಾತ ಕೂರುತ್ತಿದ್ದ ಸ್ಟೂಲು ಖಾಲಿ. ಮಗಳು ಅದರ ಪಕ್ಕದಲ್ಲೇ ನಿಂತಳು, ಕೂರಲಿಲ್ಲ.

"ಗೇಟಿನ ಹತ್ರ ಎಂಜಿನ್ ಯಾಕಪ್ಪ ಆಫ್ ಮಾಡ್ದೆ?" ಚಿಕ್ಕಮ್ಮ ಡ್ರೈವರನನ್ನು ಕೇಳಿದಳು.

"ಗಾಡಿ ಅಲುಗಾಡಿದ್ರೆ ತಾತಂಗೆ ನೋವು ಜಾಸ್ತಿ ಆಗ್ತಿತ್ತಮ್ಮ. ಅವರೇ ಆಫ್ ಮಾಡು ಅಂದ್ರು."

"ಅದಕ್ಕೆ ಮುಂಚೆ ಕೆಂಪು ದೀಪ ಏನಾದ್ರೂ ಹೊತ್ಕೊಂಡಿತ್ತಾ?"

"ದಂಡಪಿಂಡಾನಾ? ಇಲ್ಲಮ್ಮ. ದಾರಿಯುದ್ದಕ್ಕೂ ಹೊತ್ತಿಲ್ಲ."

ಆ ಬಲ್ಬಿಗೆ ಮಿಲ್ಲಿನವರೆಲ್ಲ ಇಟ್ಟಿದ್ದ ಹೆಸರು ಅದು. ಕೀಲಿ ತಿರುಗಿಸಿದಾಗ ಕಣ್ಣು ಬಿಡುತ್ತದೆ, ಎಂಜಿನ್ ಶುರುವಾದರೆ ಮಲಗಿಬಿಡುತ್ತದೆ. ದುಡಿಯುವ ಹೊತ್ತಿಗೆ ನಿದ್ದೆ ಹೊಡೆಯುವವನಿಗೆ ಇನ್ನೇನೆಂದು ಕರೆಯಬೇಕು?

"ಓಡೋವಾಗ ಅದು ಆರಿದ್ರೆ ಚಾರ್ಜ್ ಆಗ್ತಿದೆ ಅಂತ ಲೆಕ್ಕ," ಎಂದೆ. "ಎಲೆಕ್ಟ್ರಿಷಿಯನ್ನೂ ಅದನ್ನೇ ಹೇಳಿದ. ಕಳ್ಳತನ ಆಗಿರೋದು ಬ್ಯಾಟರೀಲೇ, ಚಿಕ್ಕಮ್ಮ."

"ಬಾಯಿ ಮುಚ್ಕೊಂಡು ಒಂದು ಗಳಿಗೆ ಇರ್ತೀಯಾ? ಆ ಬ್ಯಾಟರಿ ನಿನ್ನೆಯಿಂದ ಚಾರ್ಜ್ ಹಿಡ್ಕೊಂಡು ನಿಂತಿದೆ. ಹೊಸದೇ ಅದು. ಯಾರೂ ಬದಲಾಯಿಸಿಲ್ಲ."

ಡ್ರೈವರ್ ಮುಖ ತಗ್ಗಿಸಿ ಕಣ್ಣೊರೆಸಿಕೊಂಡ. ನನಗೆ ನೆಲ ಬಿರಿಯಬಾರದೇ ಎನಿಸಿತು.

"ಹಂಗಾದ್ರೆ ಕರೆಂಟನ್ನ ಯಾರು ತಿಂದ್ರು?" ಮಗಳ ದನಿ ಒರಟಾಗಿತ್ತು.

"ಯಾರೂ ತಿಂದಿಲ್ಲಮ್ಮ. ಅದು ಹುಟ್ಟೇ ಇಲ್ಲ." ಚಿಕ್ಕಮ್ಮ ಡ್ರೈವರನತ್ತ ತಿರುಗಿದಳು. "ಗಾಡಿ ಹತ್ತು. ಮೀಟರ್ ಲೈಟ್ ಹಾಕು. ಕೀಲಿ ಅರ್ಧ ತಿರುಗಿಸು. ಸ್ಟಾರ್ಟ್ ಮಾಡ್ಬೇಡ."

ತಿರುಗಿಸಿದ. ಮೀಟರಿನ ಮುಖ ಬೆಳಗಿತು. ಪಕ್ಕದ ಕೆಂಪು ಗಾಜು ಮಾತ್ರ ಕಪ್ಪಾಗಿಯೇ ಇತ್ತು.

"ಈಗ ಎಂಜಿನ್ ನಿಂತಿದೆ. ದಂಡಪಿಂಡ ಎದ್ದಿರಬೇಕಿತ್ತಲ್ಲ?"

ಓಡುವಾಗ ಆರಿದೆಯಾ ಎಂದಷ್ಟೇ ನಾವು ನೋಡಿದ್ದೆವು. ನಿಂತಾಗ ಹೊತ್ತುತ್ತದೆಯಾ ಎಂದು ಒಬ್ಬನಾದರೂ ನೋಡಬೇಡವೇ!

ಚಿಕ್ಕಮ್ಮ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ ಕೆಂಪು ದೀಪದ ಹೋಲ್ಡರ್ ಎಳೆದಳು. ಖಾಲಿ. ಬಲ್ಬೇ ಇಲ್ಲ.

"ಈ ಹಳೇ ಗಾಡಿಯ ಆಲ್ಟರ್ನೇಟರ್ ತಾನಾಗಿ ಕೆಲಸ ಶುರು ಮಾಡಲ್ಲ. ಮೊದಲು ಅದಕ್ಕೆ ಒಂದು ಗುಟುಕು ಕರೆಂಟು ಕುಡಿಸ್ಬೇಕು. ಆ ಗುಟುಕು ಹೋಗೋದು ಈ ಬಲ್ಬಿನ ಮೂಲಕಾನೇ. ಅಂಗಡೀಲಿ ಎಲೆಕ್ಟ್ರಿಷಿಯನ್ ಅದನ್ನ ಬೇರೆ ವೈರಿಂದ ಕೊಟ್ಟ, ಅಲ್ಲಿ ಸರಿಯಾಗೇ ಓಡ್ತು. ಇಲ್ಲಿ ಬಲ್ಬಿಲ್ಲ, ಚಾರ್ಜಿಲ್ಲ. ಬ್ಯಾಟರಿ ಇದ್ದಷ್ಟನ್ನೂ ಖರ್ಚು ಮಾಡಿ ಬರಿದಾಯ್ತು."

"ಬಲ್ಬ್ ಕಿತ್ತೋರು ಯಾರು?" ನಾನು ಸಿಡುಕಿದೆ. "ಅವನ ಕೈ—"

"ಶಾಪ ಹಾಕ್ಬೇಡ!" ಚಿಕ್ಕಮ್ಮ ಗದರಿದಳು. ಆಮೇಲೆ ಡ್ರೈವರನನ್ನು ಮೆತ್ತಗೆ ಕೇಳಿದಳು: "ಮೀಟರ್ ಲೈಟ್ ಎಷ್ಟು ದಿನದಿಂದ ಉರೀತಿದೆ?"

"ತಿಂಗಳುಗಟ್ಟಲೆ ಸತ್ತಿತ್ತಮ್ಮ. ಕತ್ತಲಾದ್ರೆ ಏನೂ ಕಾಣಲ್ಲ ಅಂತ ತಾತನ ಹತ್ರ ಗೊಣಗ್ತಿದ್ದೆ. ಮೊನ್ನೆ ಮೊನ್ನೆ ಸರಿಹೋಯ್ತು. ಯಜಮಾನ್ರೇ ಮಾಡಿಸಿದಾರೆ ಅಂದ್ಕೊಂಡೆ."

"ನಾನು ಮಾಡಿಸಿಲ್ಲ. ನೀನೇ ಹಾಕಿದೀಯ ಅಂದ್ಕೊಂಡಿದ್ದೆ."

ಚಿಕ್ಕಮ್ಮ ತಾತನ ಮಗಳ ಹತ್ತಿರ ಹೋಗಿ ನಿಂತಳು. "ನಿಮ್ಮಪ್ಪ ಲಾರಿ ವಿಷಯ ಏನಾದ್ರೂ ಹೇಳಿದ್ರೇನಮ್ಮ?"

"ಲಾರಿ ವಿಷಯ ಇಲ್ಲ." ಅವಳು ಸೆರಗಿನ ತುದಿ ಹಿಂಡುತ್ತಿದ್ದಳು. "ನಮ್ಮನೆಯವರಿಗೆ ಕೆಲಸ ಇಲ್ಲ, ಗೊತ್ತಲ್ಲ. ಒಂದಿನ ಅಪ್ಪ ನಗ್ತಾ ಬಂದು, 'ಕೊನೆಗೂ ದಂಡಪಿಂಡಕ್ಕೆ ಒಂದು ಕೆಲಸ ಕೊಟ್ಟೆ ಕಣೇ' ಅಂದ. ನನ್ನ ಗಂಡನ್ನ ಹಿಂಗೆ ಆಡ್ಕೊಳ್ತೀಯಾ ಅಂತ ಜಗಳ ಆಡಿ ಮಾತು ಬಿಟ್ಟೆ. ಅಪ್ಪ ಏನೋ ಹೇಳೋಕೆ ಬಂದ. ನಾನು ಬಾಗಿಲು ಹಾಕ್ಕೊಂಡೆ."

ಹೇಳುತ್ತ ಹೇಳುತ್ತಲೇ ಅವಳ ಕಣ್ಣು ಲಾರಿಯ ಕಡೆ ಹೊರಳಿತು.

"ಹೌದಮ್ಮ," ಎಂದಳು ಚಿಕ್ಕಮ್ಮ. "ಅವರು ಹೇಳಿದ್ದು ಈ ಬಲ್ಬಿನ ವಿಷಯ. ಸುಮ್ನೆ ಕೂತಿದೆ, ಮೀಟರಿಗಾದ್ರೂ ಬರಲಿ ಅಂತ ಇಲ್ಲಿಂದ ತೆಗೆದು ಅಲ್ಲಿ ಹಾಕಿದಾರೆ. ಡ್ರೈವರಿಗೆ ಕಾಣ್ಲಿ ಅಂತ. ಅದ್ರಿಂದ ಹಿಂಗಾಗುತ್ತೆ ಅಂತ ಅವರಿಗೇನು ಗೊತ್ತು?"

"ಅಪ್ಪನೇನಾ?" ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. "ನನ್ನ ಗಂಡನ್ನ ಅಂದಿರಲಿಲ್ವಾ? ಅಯ್ಯೋ ಅಪ್ಪಾ..."

ಅವಳು ಅತ್ತಷ್ಟು ಹೊತ್ತು ಚಿಕ್ಕಮ್ಮ ಅವಳ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ. ನಾನು ಡ್ರೈವರನ ಬಳಿ ಹೋಗಿ, "ತಪ್ಪಾಯ್ತಪ್ಪ," ಎಂದೆ. ಅವನು ನನ್ನ ಕೈಯನ್ನು ಒಮ್ಮೆ ಒತ್ತಿದ.

ಮೀಟರಿನ ಬಲ್ಬನ್ನು ಚಿಕ್ಕಮ್ಮ ಮತ್ತೆ ಅದರ ಹಳೇ ಜಾಗಕ್ಕೆ ಹಾಕಿದಳು. ತಾತನ ಮಗಳು ಮುಖ ಒರೆಸಿಕೊಂಡು ಎದ್ದಳು. ಇಷ್ಟು ದಿನ ಡ್ರೈವರನ ಮುಖ ನೋಡದವಳು ಈಗ ನೇರವಾಗಿ ಅವನನ್ನೇ ನೋಡಿದಳು.

"ಅಣ್ಣಾ, ನನ್ನ ಮನೆಗೆ ಬಿಡ್ತೀಯಾ? ಇದರಲ್ಲೇ?"

"ಬಾರಮ್ಮ," ಎಂದು ಅವನು ತಾತ ಕೂತಿದ್ದ ಸೀಟನ್ನು ಅಂಗೈಯಿಂದ ಒರೆಸಿದ.

ಅವಳು ಹತ್ತಿ ಕೂತಳು. ಅವನು ಕೀಲಿ ತಿರುಗಿಸಿದ. ಕೆಂಪು ದೀಪ ಹೊತ್ತಿಕೊಂಡಿತು. ಅವಳು ಬಾಗಿ ಅದರ ಗಾಜನ್ನು ಬೆರಳಿಂದ ಮುಟ್ಟಿ, "ಎದ್ದಿದೆ," ಎಂದಳು. ಆಮೇಲೆ ಎಂಜಿನ್ ಶುರುವಾಯಿತು, ದೀಪ ಆರಿತು.