ಸಣ್ಣ ತೂತಿನ ನಾಜಲ್

ದರ್ಜಿಗೆ ತಾಯಿಯನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಮಾರ್ಚ್ 9ರ ಬೆಳಿಗ್ಗೆ 10.40ಕ್ಕೆ ಅವನು ಠಾಣೆಗೆ ಬಂದು ಮೇಜಿನ ಮೇಲೆ ಇನ್‌ಹೇಲರ್ ಇಟ್ಟ.

“ನಿನ್ನೆ ಅಮ್ಮಂಗೆ ಉಸಿರು ಕಟ್ತು. ಒತ್ತಿದೆ, ಬರ್ಲಿಲ್ಲ. ವಾರಕ್ಕೊಂದ್ಸಲ ತೊಳೀರಿ ಅಂತ ಬರ್ದಿದೆ, ತಂದು ವಾರಾನೇ ಆಗಿಲ್ಲ ಸಾರ್. ಆಸ್ಪತ್ರೆ ಮುಟ್ಟೋ ಮೊದ್ಲೇ ಹೋದ್ರು.”

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಪಂಚರ ಮುಂದೆ ಔಷಧದ ಡಬ್ಬಿಯನ್ನು ಕಳಚಿ, ಅಂಗಡಿಯಿಂದ ತರಿಸಿದ ಬೇರೆ ಪ್ಲಾಸ್ಟಿಕ್ ಕವಚಕ್ಕೆ ಹಾಕಿಸಿದರು. ಒತ್ತಿದ ಕೂಡಲೇ ಔಷಧ ಚಿಮ್ಮಿತು. ಕಟ್ಟಿಕೊಂಡಿದ್ದದ್ದು ಮೊದಲ ಕವಚದ ನಾಜಲ್. ಭೂತಗನ್ನಡಿ ಹಿಡಿದಿದ್ದ ಹೆಡ್ ಕಾನ್‌ಸ್ಟೆಬಲ್, “ಈ ತೂತಲ್ಲಿ ಸೊಳ್ಳೆ ಮೂಗೂ ತೂರಲ್ಲ ಸಾರ್,” ಎಂದ.

ಕವಚದ ಮೇಲೆ ತಯಾರಾದ ದಿನ ಮತ್ತು ಪಾಳಿಯ ಗುರುತಿತ್ತು. 11ರಂದು ಕಾರ್ಖಾನೆಯಲ್ಲಿ ಪಂಚನಾಮೆ ನಡೆಯಿತು. ಆ ಪಾಳಿಯಲ್ಲಿ ಕವಚದ ಅಚ್ಚು ನೋಡಿಕೊಂಡವನು ಒಬ್ಬನೇ ಫಿಟ್ಟರ್. ಅವನ ಸಲಕರಣೆ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿದ, ಮಾಮೂಲಿಗಿಂತ ಸಣ್ಣ ಪಿನ್ ಸಿಕ್ಕಿತು. ಅಚ್ಚಿನೊಳಗಿನ ಪಿನ್ ಎಷ್ಟು ಸಣ್ಣದೋ ನಾಜಲ್‌ನ ತೂತೂ ಅಷ್ಟೇ ಸಣ್ಣದು. ಈ ಅಳತೆಯ ತೂತು ಬೇಗ ಕಟ್ಟಿಕೊಳ್ಳುತ್ತದೆಂದು ಕಂಪನಿ ಎರಡು ವರ್ಷದ ಹಿಂದೆಯೇ ಕೈಬಿಟ್ಟಿತ್ತು.

“ಇದನ್ನ ಯಾಕೆ ಹಾಕ್ದೆ?” ಇನ್‌ಸ್ಪೆಕ್ಟರ್ ಕೇಳಿದರು.

“ನನ್ನ ಹೆಂಡ್ತಿಗೆ ಒಂದು ಬೇಕಿತ್ತು ಸಾರ್. ಮಾಮೂಲಿದ್ರಲ್ಲಿ ಹನಿ ದಪ್ಪ, ರಭಸ ಜಾಸ್ತಿ. ಗಂಟಲಿಗೆ ಹೊಡ್ದು ಕೆಮ್ಮು ಬರುತ್ತೆ, ಔಷಧ ಒಳಗಿಳಿಯಲ್ಲ. ಇದ್ರಲ್ಲಿ ಮಂಜಿನ ಹಾಗೆ ಇಳಿಯುತ್ತೆ. ಕಂಪನಿ ಕ್ವಾರ್ಟರ್ಸಲ್ಲಿ ಉಸಿರಾಡಕ್ಕಾಗಲ್ಲ ಅಂತ ಮೂರು ವರ್ಷದಿಂದ ಅವಳಣ್ಣನ ಮನೇಲಿದ್ದಾಳೆ.”

“ಕಟ್ಕೊಳ್ಳೋದು ಗೊತ್ತಿತ್ತಲ್ಲ?”

“ದಿನಾ ತೊಳೆದ್ರೆ ಕಟ್ಟಲ್ಲ. ಅವಳಿಗೆ ಹೇಳ್ಕೊಟ್ಟಿದ್ದೆ. ಇಲ್ಲಿಗೆ ಬಂದ್ಮೇಲೆ ನಾನೇ ತೊಳ್ಕೊಡೋಣ ಅಂತಿದ್ದೆ.”

“ಉಳಿದವು?”

“ಪಿನ್ ವಾಪಸ್ ಬದಲಾಯ್ಸೋಷ್ಟರಲ್ಲಿ ಒಂದು ಪೆಟ್ಟಿಗೆ ಆಗಿತ್ತು. ಪುಡಿ ಮಾಡಕ್ಕೆ ಇಟ್ಟಿದ್ದೆ. ಊಟ ಮಾಡಿ ಬರೋಷ್ಟರಲ್ಲಿ ಲಾರಿ ಹೋಗಿತ್ತು.”

“ಬಾಯಿಗೆ ಬೀಗ ಹಾಕಿದ್ರಾ? ಹೇಳ್ಬೇಕಿತ್ತು.”

ಅವನು ತನ್ನ ಕೈ ನೋಡಿಕೊಂಡ. “ಹೇಳಿದ್ರೆ ಕೆಲ್ಸ ಹೋಗೋದು, ಕ್ವಾರ್ಟರ್ಸೂ ಹೋಗೋದು. ಆಮೇಲೆ ಅವಳು ಯಾವ ಮನೆಗೆ ಬರ್ಬೇಕು ಸಾರ್?”

ಸಂಜೆ 4.15ಕ್ಕೆ ಬಂಧನವಾಯಿತು. ಮರುದಿನ ಮಹಿಳಾ ಕಾನ್‌ಸ್ಟೆಬಲ್ ಅಣ್ಣನ ಮನೆಗೆ ಹೋದಾಗ ಫಿಟ್ಟರನ ಹೆಂಡತಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಅವಳಿಗೆ ಇನ್ನೂ ಸುದ್ದಿ ತಲುಪಿರಲಿಲ್ಲ.

“ಒಂದು ತಿಂಗಳಿಂದ ಕೆಮ್ಮೇ ಇಲ್ಲ ಕಣಮ್ಮ. ಭಾನುವಾರ ಬರ್ತೀನಿ ಅಂದಿದೀನಿ ಅವ್ರಿಗೆ.”

ಕಾನ್‌ಸ್ಟೆಬಲ್ ವಿಷಯ ತಿಳಿಸಿದಳು. ಮಾಮೂಲಿ ಕವಚವೊಂದನ್ನು ಅವಳ ಕೈಗೆ ಕೊಟ್ಟು, ಸಣ್ಣ ತೂತಿನದ್ದನ್ನು ಜಪ್ತಿ ಮಾಡಿದಳು.

ಲಾರಿಯಲ್ಲಿ ಹೋದ ಪೆಟ್ಟಿಗೆಯಲ್ಲಿದ್ದ ಕವಚಗಳು 400. ದರ್ಜಿಯದೂ ಸೇರಿ ವಾಪಸು ಬಂದದ್ದು 381. ಪತ್ತೆಯಾಗದ್ದು 19. ಸತ್ತವರು ಒಬ್ಬರು.