ಆರಿದ ಬೆಂಕಿಯ ಆಣೆ

ಸಿಂಧೂತೀರದ ಶಕರ ರಾಜಧಾನಿಯಲ್ಲಿ ಅಂದು ಕುದುರೆಸಂತೆ. ಚೂಪುಟೊಪ್ಪಿಗೆಯ ಸವಾರರೂ ಹತ್ತಿಬಟ್ಟೆಯ ವರ್ತಕರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ರಾಜಬೀದಿಯಲ್ಲಿ ಸಾಗುತ್ತಿದ್ದರು. ಅರಮನೆಯ ಬಾಗಿಲು ಮಾತ್ರ ಮುಚ್ಚಿತ್ತು. ಮಹಾರಾಜರು ಹದಿನೈದು ದಿನಗಳಿಂದ ಜ್ವರದಲ್ಲಿ ಬೇಯುತ್ತಿದ್ದರು.

ರಾಜಾಗ್ನಿಯ ಮೇಲೆ ಯಾರಾದರೂ ಸುಳ್ಳಾಣೆಯಿಟ್ಟರೆ ಅರಸನೇ ಕಾಯಿಲೆ ಬೀಳುತ್ತಾನೆ, ಸುಳ್ಳಾಡಿದವನ ತಲೆ ಉರುಳದೆ ಅದು ವಾಸಿಯಾಗದು ಎಂಬುದು ಶಕರ ನಂಬಿಕೆ. ನಿಮಿತ್ತಜ್ಞರು ಬೆತ್ತದ ಕಡ್ಡಿಗಳನ್ನು ಹರಡಿ ನೋಡಿ, ಅಶ್ವದಳದ ನಾಯಕ ಅರ್ತಬಾಣನನ್ನು ಹೆಸರಿಸಿದ್ದರು. ಆ ಪದವಿಗಾಗಿ ಹೊಂಚುತ್ತಿದ್ದ ರಾಜಬಂಧು ವೊನಕನೇ ಅವರ ಬಾಯಲ್ಲಿ ಆ ಹೆಸರು ಹೊರಡಿಸಿದ್ದನೆಂಬುದು ಆಸ್ಥಾನಕ್ಕೆಲ್ಲ ಗೊತ್ತಿತ್ತು, ತುಟಿ ಬಿಚ್ಚಿದವರಿಲ್ಲ.

ವೃದ್ಧ ಅಮಾತ್ಯ ಸ್ಪರದಾಮನಿಗೆ ಅದಕ್ಕಿಂತ ಹೆಚ್ಚು ಗೊತ್ತಿತ್ತು. ಮೂವತ್ತು ವರ್ಷಗಳ ಹಿಂದೆ, ಶತ್ರುಗಳು ಬೆನ್ನಟ್ಟಿ ಬಂದು, ಶಕರು ವಂಕ್ಷುನದಿಯಾಚೆಯ ಹುಲ್ಲುಗಾವಲನ್ನೂ ಪಿತೃಗಳ ಸಮಾಧಿದಿಬ್ಬಗಳನ್ನೂ ತೊರೆದು ಹೊರಟಾಗ, ತಾಯ್ನಾಡಿನ ಅಗ್ನಿಯನ್ನು ತಾಮ್ರದ ಕೊಪ್ಪರಿಗೆಯಲ್ಲಿ ಹೊತ್ತು ತರುವ ಹೊಣೆ ಅವನದಾಗಿತ್ತು. ಹಿಮದ ಕಣಿವೆಯೊಂದರಲ್ಲಿ ಅವನಿಗೆ ಜೊಂಪು ಹತ್ತಿತು. ಎಚ್ಚೆತ್ತಾಗ ಬೂದಿ ತಣ್ಣಗಿತ್ತು. ಯಾರಿಗೂ ಕಾಣದಂತೆ ಚಕಮಕಿ ಕಲ್ಲು ಕುಟ್ಟಿ ಹೊಸ ಬೆಂಕಿ ಹೊತ್ತಿಸಿದ. ಸಿಂಧೂ ಮುಟ್ಟಿದ ದಿನ, ಇದು ತಾಯ್ನಾಡಿನದೇ ಬೆಂಕಿಯೆಂದು ಅದರ ಮೇಲೇ ಆಣೆಯಿಟ್ಟ. ಜನ ಅತ್ತುಬಿಟ್ಟರು. ಅದೇ ಅರಮನೆಯ ರಾಜಾಗ್ನಿಯಾಯಿತು.

ನಿನ್ನೆ ಅರ್ತಬಾಣನ ಹೆಸರು ಕೇಳಿದಾಗ ಸ್ಪರದಾಮ ತಲೆ ತಗ್ಗಿಸಿ ಕುಳಿತಿದ್ದ. ನಿಜ ಹೊರಬಿದ್ದರೆ ಈ ಜನಕ್ಕೆ ನಾಡೆಂಬುದೇ ಉಳಿಯದೆಂದು ತನಗೆ ತಾನೇ ಹೇಳಿಕೊಂಡ. ಅದು ಹೇಡಿಯ ನೆಪವೆಂಬುದನ್ನೂ ಬಲ್ಲ.

ಇಂದು ಅರ್ತಬಾಣನನ್ನು ಕೈಕಟ್ಟಿ ರಾಜಮಂಚದ ಮುಂದೆ ನಿಲ್ಲಿಸಿದರು. ಮುರಿದ ಆಣೆ ಯಾವುದೆಂದು ವೊನಕ ಕೇಳಿದ.

"ಆ ಅಗ್ನಿಯ ಮೇಲೆ ನಾನು ಆಣೆಯಿಟ್ಟದ್ದು ಒಂದೇ ಸಲ, ಭಾವ. ನಿನ್ನ ತಂಗಿಯನ್ನು ಚೆನ್ನಾಗಿ ಬಾಳಿಸುತ್ತೇನೆಂದು. ಮುರಿದಿದ್ದರೆ ನಿನಗಿಂತ ಮೊದಲು ಅವಳೇ ನನ್ನ ತಲೆ ತೆಗೆಯುತ್ತಿದ್ದಳು."

ಯಾರೋ ನಕ್ಕು ತಡೆದುಕೊಂಡರು. ಕೊಡಲಿಯವನು ಮುಂದೆ ಬಂದ.

ಸ್ಪರದಾಮ ಎದ್ದು ನಿಂತ. "ಮಹಾಪ್ರಭು, ಸುಳ್ಳಾಣೆ ನನ್ನದು. ನಮ್ಮ ಬೆಂಕಿ ಕಣಿವೆಯಲ್ಲೇ ಆರಿಹೋಗಿತ್ತು."

ಮಹಾರಾಜರು ದಿಂಬಿನಿಂದ ತಲೆಯೆತ್ತಿದರು. "ನಿನ್ನೆಯೇ ಏಕೆ ಹೇಳಲಿಲ್ಲ, ಅಮಾತ್ಯರೇ?"

"ನಿನ್ನೆ ನನಗೆ ಜೀವದಾಸೆಯಿತ್ತು, ಪ್ರಭು."

ಅರಸರು ಅರ್ತಬಾಣನ ಕಟ್ಟು ಬಿಚ್ಚಿಸಿದರು, ನಿಮಿತ್ತಜ್ಞರನ್ನೂ ವೊನಕನನ್ನೂ ಸೆರೆಯಲ್ಲಿಡಿಸಿದರು. ಅಗ್ನಿಯನ್ನು ಆರಿಸಬೇಕೆ ಎಂದು ಪುರೋಹಿತ ಕೇಳಿದಾಗ, ನಮ್ಮ ಮಕ್ಕಳೆಲ್ಲ ಅದರ ಮುಂದೆಯೇ ಹುಟ್ಟಿದವರು, ಉರಿಯಲಿ ಎಂದರು. ಆದರೆ ಸುಳ್ಳಾಣೆಯ ದಂಡನೆಯನ್ನು ತಪ್ಪಿಸುವ ಅಧಿಕಾರ ಅರಸನಿಗೂ ಇರಲಿಲ್ಲ. ಸ್ಪರದಾಮ ಅದನ್ನು ಬೇಡಲೂ ಇಲ್ಲ.

ಅಂಗಳದಲ್ಲಿ ಅವನು ಅರ್ತಬಾಣನ ಎದುರು ನಿಂತ. "ಬೆಂಕಿಯ ಮಾತು ಬಿಡಪ್ಪ. ನಿನ್ನೆಯ ಒಂದು ದಿನವನ್ನು ಕ್ಷಮಿಸು."

ಅರ್ತಬಾಣ ತನ್ನ ಮೇಲಂಗಿಯನ್ನು ಕಳಚಿ, ಮುದುಕ ಮಂಡಿಯೂರಬೇಕಾದ ಕಲ್ಲಿನ ಮೇಲೆ ಹಾಸಿದ.