ದಿವ್ಯಳದು ಬೆಸ, ರಮ್ಯಾಳದು ಸಮ

“ಈಗ ಎರಡನೇದು ಯಾರು ಹೇಳೋರು?”

ದಿವ್ಯ ಜೋರಾಗಿಯೇ ಕೇಳಿದಳು. ಹಿತ್ತಲಲ್ಲಿ ಯಾರೂ ಇರಲಿಲ್ಲ. ಬೂದಿಗುಂಡಿ ಕೆದಕುತ್ತಿದ್ದ ಕೋಳಿ ಒಮ್ಮೆ ಕತ್ತೆತ್ತಿ ನೋಡಿತು. ತನ್ನನ್ನಲ್ಲ ಕೇಳಿದ್ದು ಅಂದುಕೊಂಡು ಮತ್ತೆ ಕೆದಕತೊಡಗಿತು.

ನಾಳೆ ಭಾನುವಾರ. ಹಾರೋಹಳ್ಳಿಯ ಅವರ ಪುಟ್ಟ ಲೂಥರನ್ ಸಭೆಗೆ ಪಾಸ್ಟರ್ ಬರುವುದು ತಿಂಗಳಿಗೆ ಒಂದೇ ಸಲ. ಅವರು ಬಂದ ದಿನ ಇಬ್ಬರು ಮಕ್ಕಳು ಮುಂದೆ ನಿಂತು ಬೈಬಲಿನ ಒಂದು ಕೀರ್ತನೆಯನ್ನು ಬಾಯಿಪಾಠ ಹೇಳಬೇಕು. ಎಡಗಡೆ ನಿಂತವರು ಒಂದನೇ ವಚನ, ಬಲಗಡೆ ನಿಂತವರು ಎರಡನೇ ವಚನ. ಮತ್ತೆ ಎಡ, ಮತ್ತೆ ಬಲ. ಪುಸ್ತಕ ನೋಡುವಂತಿಲ್ಲ. ಚರ್ಚಿನ ಸುತ್ತ ಬರೀ ರಾಗಿಹೊಲ ಇದ್ದ ಕಾಲದಿಂದಲೂ ಹೀಗೇ. ಈಗ ಸುತ್ತ ಫ್ಯಾಕ್ಟರಿ ಕಾಂಪೌಂಡುಗಳು ಎದ್ದಿವೆ. ಪದ್ಧತಿ ಮಾತ್ರ ಹಾಗೇ ಉಳಿದಿದೆ.

ಈ ಸಲದ ಕೀರ್ತನೆಗೆ ಹತ್ತು ವಚನ. ಒಂದು, ಮೂರು, ಐದು, ಏಳು, ಒಂಬತ್ತು ದಿವ್ಯಳವು. ಎರಡು, ನಾಲ್ಕು, ಆರು, ಎಂಟು, ಹತ್ತು ಅವಳ ಗೆಳತಿ ರಮ್ಯಾಳವು. ಮೂರು ವಾರದಿಂದ ಇಬ್ಬರೂ ಸ್ಕೂಲಿನಿಂದ ಬರುವ ದಾರಿಯಲ್ಲಿ ಹೇಳಿಕೊಂಡೇ ಬಂದಿದ್ದರು. ಲಾರಿ ಬಂದರೆ ನಿಲ್ಲಿಸುವುದು, ಧೂಳು ಇಳಿದ ಮೇಲೆ ಮುಂದುವರಿಸುವುದು.

ನಿನ್ನೆ ಎಂಟನೇ ವಚನದಲ್ಲಿ ರಮ್ಯಾ ತಡವರಿಸಿದಳು. ಅವಳು ಯಾವಾಗಲೂ ಅಲ್ಲೇ ತಡವರಿಸುವುದು.

“ನಿನ್ ಕ್ಯಾಸೆಟ್ ಸಿಕ್ಕಾಕೊಂತು ಕಣೇ!” ಎಂದು ದಿವ್ಯ ನಕ್ಕಳು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಬಸ್‌ಸ್ಟಾಪಿನಲ್ಲಿದ್ದ ಏಳನೇ ಕ್ಲಾಸಿನವರ ಮುಂದೆ, ರಮ್ಯಾ ಹೇಗೆ ತಡವರಿಸುತ್ತಾಳೆ ಅಂತ ಕಣ್ಣು ಮೇಲೆ ಮಾಡಿ ತೋರಿಸಿಯೂಬಿಟ್ಟಳು. ಅವರೆಲ್ಲ ಹೋ ಎಂದು ನಕ್ಕರು.

ರಮ್ಯಾ ಕಿರುಬೆರಳು ಎತ್ತಿದಳು. “ನಿನ್ ಜೊತೆ ಟೂ. ಅದೇನ್ ಹೇಳ್ಕೊಂತೀಯೋ ನೀನೇ ಹೇಳ್ಕೊ.”

“ಹೇಳ್ಕೊಂತೀನಿ ಹೋಗೇ! ಇನ್ನೈದು ವಚನ ಏನ್ ಮಹಾ!”

ಮಹಾ ಏನೂ ಅಲ್ಲ ಅಂತಲೇ ದಿವ್ಯ ಅಂದುಕೊಂಡಿದ್ದಳು. ಪುಸ್ತಕ ತೆರೆದರೆ ಹತ್ತೂ ವಚನ ಸಲೀಸಾಗಿ ಬರುತ್ತಿತ್ತು. ಪುಸ್ತಕ ಮುಚ್ಚಿದರೆ ಕಷ್ಟ. ಒಂದನೇ ವಚನ ಮುಗಿದ ಕೂಡಲೇ ಅವಳ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಮೂರು ವಾರ ಅದಕ್ಕೆ ಹಾಗೇ ಅಭ್ಯಾಸವಾಗಿತ್ತು. ಕಿವಿ ಕಾಯುತ್ತಿತ್ತು, ನಾಲಿಗೆ ಏಳುತ್ತಿರಲಿಲ್ಲ.

ಅವಳು ಒಳಗೆ ಹೋದಳು. ಚಿನ್ನಮ್ಮಜ್ಜಿ ಮೊರದಲ್ಲಿ ಹುರುಳಿ ಆರಿಸುತ್ತ ಕೂತಿದ್ದಳು.

“ಅಜ್ಜಿ, ನಿಂಗೆ ಸಮ ವಚನ ಬತ್ತದಾ?”

“ಅದ್ಯಾವ್ದವ್ವ ಸಮ?”

“ಎರಡು, ನಾಲ್ಕು, ಆರು...”

“ಇಲ್ಲ ಕಣವ್ವ. ನಮ್ ಕಾಲ್ದಾಗೆ ಓದು ಬತ್ತಿದ್ದೋರೇ ಕಮ್ಮಿ. ಹೆಂಗಸ್ರುದು ಒಂದ್ ಸಾಲು, ಗಂಡಸ್ರುದು ಒಂದ್ ಸಾಲು, ಹಂಗೇ ಕೇಳಿ ಕೇಳಿ ಕಲ್ತಿದ್ದು. ಆ ಸಾಲೆಲ್ಲ ನಿಮ್ ತಾತಂಗೆ ಬತ್ತಿತ್ತು.”

“ಮತ್ತೆ ಈಗ ಒಬ್ಳೇ ಪ್ರಾರ್ಥನೆ ಮಾಡ್ತೀಯಲ್ಲ, ಆವಾಗ?”

“ನಂದು ಹೇಳ್ತೀನಿ. ನಿಮ್ ತಾತನ್ ಸಾಲು ಬಂದಾಗ ಒಸಿ ಸುಮ್ಕಿರ್ತೀನಿ. ಆಮೇಕೆ ನಂದು ಹೇಳ್ತೀನಿ.”

“ಸುಮ್ಕೆ ಯಾಕಿರ್ತೀಯ? ಮುಂದುಕ್ಕೋಗ್ಬೋದಲ್ಲ?”

“ಅವ್ರು ಹೇಳೋದು ಬ್ಯಾಡ್ವೇ?” ಎಂದು ಅಜ್ಜಿ ಒಂದು ಕಲ್ಲು ಆರಿಸಿ ಆಚೆ ಎಸೆದಳು.

ಭಾನುವಾರ ಬೆಳಿಗ್ಗೆ ಚರ್ಚು ತುಂಬಿತ್ತು. ರಾತ್ರಿ ಶಿಫ್ಟು ಮುಗಿಸಿ ಯೂನಿಫಾರಂನಲ್ಲೇ ಬಂದವರು ಗೋಡೆಗೆ ಒರಗಿ ಕೂತಿದ್ದರು. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಕಲಿಸುವ ಮರಿಯಪ್ಪ ತಾತ ಮುಂದಿನ ಚಾಪೆಯಲ್ಲಿದ್ದರು. ವಾರವೆಲ್ಲ ಅವರು ಫ್ಯಾಕ್ಟರಿ ಗೇಟಿನ ವಾಚ್‌ಮನ್. ರಮ್ಯಾ ತನ್ನ ಅಮ್ಮನ ಪಕ್ಕ ಕೂತು, ಜಡೆಯ ತುದಿ ತಿರುವುತ್ತಿದ್ದಳು.

“ಕೀರ್ತನೆ,” ಎಂದರು ಪಾಸ್ಟರ್.

ದಿವ್ಯ ಎದ್ದುಹೋಗಿ ಎಡಗಡೆ ನಿಂತಳು. ಬಲಗಡೆ ಖಾಲಿ. ಪಾಸ್ಟರ್ ಆ ಖಾಲಿ ಜಾಗ ನೋಡಿದರು, ಶುರುಮಾಡು ಎಂದು ತಲೆಯಾಡಿಸಿದರು.

ದಿವ್ಯ ಒಂದನೇ ವಚನ ಹೇಳಿದಳು. ಗಂಟೆ ಹೊಡೆದ ಹಾಗೆ ಹೇಳಿದಳು.

ಬಾಯಿ ಮುಚ್ಚಿಕೊಂಡಿತು.

ಫ್ಯಾನು ಕಿರುಗುಟ್ಟಿತು. ಎರಡನೇ ವಚನ ಎಲ್ಲಿಯೋ ಇತ್ತು, ಕೈಗೆ ಸಿಗುತ್ತಿರಲಿಲ್ಲ. ಪಾಪ ಅನ್ನಿಸಿತೋ ಏನೋ, ಗೋಡೆಗೆ ಒರಗಿದ್ದ ರಮ್ಯಾಳ ಮಾವ ನರೇಂದ್ರ ನಿದ್ದೆಗಣ್ಣಲ್ಲೇ ದೊಡ್ಡ ದನಿಯಲ್ಲಿ ಒಂದು ವಚನ ಹೇಳಿದ.

“ಅದು ಆರನೇದು ಮಾವ!” ಎಂದು ಚಾಪೆಯ ಮೇಲಿಂದ ರಮ್ಯಾಳ ದನಿ ಬಂತು.

ಮರಿಯಪ್ಪ ತಾತ ಕೆಮ್ಮಿ, ಎದ್ದು ನಿಂತು, ಇನ್ನೊಂದು ಹೇಳಿದರು.

“ಅಯ್ಯೋ ತಾತ, ಅದು ಹೋದ್ ತಿಂಗಳ್ ಕೀರ್ತನೆ!”

ಹೆಂಗಸರು ಸೆರಗು ಬಾಯಿಗೆ ಹಿಡಿದರು. ಪಾಸ್ಟರ್ ಪುಸ್ತಕ ಮುಖಕ್ಕೆ ಅಡ್ಡ ಹಿಡಿದರು, ಪುಸ್ತಕ ಅಲುಗಾಡುತ್ತಿತ್ತು. ಅಷ್ಟರಲ್ಲಿ ಚಿನ್ನಮ್ಮಜ್ಜಿ, ತನಗೆ ಬರುವುದು ಅದೇ ಎಂದು, ಒಂದನೇ ವಚನವನ್ನೇ ಇನ್ನೊಮ್ಮೆ ಹೇಳಿಬಿಟ್ಟಳು.

“ನೀವೆಲ್ಲ ಒಸಿ ಸುಮ್ಕಿರಿ!” ರಮ್ಯಾಗೆ ತಡೆಯಲಾಗಲಿಲ್ಲ. ಚಾಪೆ ದಾಟಿ, ಇಬ್ಬರ ಕಾಲು ತುಳಿದು ಬಂದು ಬಲಗಡೆ ನಿಂತಳು. ದಿವ್ಯಳ ಕಡೆ ನೋಡದೆಯೇ ಎರಡನೇ ವಚನ ಹೇಳಿದಳು.

ದಿವ್ಯಳ ಬಾಯಿ ತಾನಾಗಿ ತೆರೆಯಿತು. ಮೂರು. ನಾಲ್ಕು. ಐದು. ದಾರಿಯಲ್ಲಿ ನಡೆದು ಬರುವ ಹಾಗೇ ಹೆಜ್ಜೆ ಸೇರಿತು. ಆರು. ಏಳು.

ಎಂಟಕ್ಕೆ ರಮ್ಯಾ ನಿಂತಳು. ಕಣ್ಣು ಮೇಲೆ ಚಾವಣಿಯ ಶೀಟಿನ ಕಡೆ ಹೋಯಿತು. ಹಿಂದೆ ಯಾರೋ ಕಿಸಕ್ಕೆಂದರು. ಬಸ್‌ಸ್ಟಾಪಿನಲ್ಲಿದ್ದವರೇ. ರಮ್ಯಾಳ ಕಿವಿ ಕೆಂಪಾಯಿತು.

ನಿನ್ನೆಯಿಂದ ಮೂವತ್ತು ಸಲ ಓದಿದ್ದ ಎಂಟನೇ ವಚನ ಆಗ ದಿವ್ಯಳ ನಾಲಿಗೆಯ ತುದಿಗೇ ಬಂತು. ಅವಳು ತುಟಿ ಬಿಗಿಹಿಡಿದಳು. ಕಿಸಕ್ಕೆಂದವರ ಕಡೆ ತಿರುಗಿ ಒಮ್ಮೆ ಗುರಾಯಿಸಿದಳು. ಆಮೇಲೆ ರಮ್ಯಾಳ ಮುಖ ನೋಡುತ್ತ ನಿಂತಳು. ಎಷ್ಟು ಹೊತ್ತಾದರೂ ಸರಿ, ನಿಂತಿರಬಹುದು ಅನ್ನಿಸಿತು.

ರಮ್ಯಾಗೆ ಸಿಕ್ಕಿತು. ಹೇಳಿದಳು. ಒಂಬತ್ತು. ಹತ್ತು.

“ಆಮೆನ್,” ಎಂದಿತು ಸಭೆ. ಎಲ್ಲರಿಗಿಂತ ಜೋರಾಗಿ ನರೇಂದ್ರ ಮಾವ.

ಆರಾಧನೆ ಮುಗಿದು ಹೊರಗೆ ಹುಣಸೆಮರದ ಕೆಳಗೆ ಟೀ, ಬನ್ನು ಕೊಡುತ್ತಿದ್ದರು. ದಿವ್ಯ ಎರಡು ಬನ್ನು ತಂದು ದೊಡ್ಡದನ್ನು ರಮ್ಯಾಳ ಕೈಗಿಟ್ಟಳು. ರಮ್ಯಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಟೂ ಕ್ಯಾನ್ಸಲ್,” ಎಂದು ಕಚ್ಚಿದಳು.

ಮರಿಯಪ್ಪ ತಾತ ಟೀ ಊದುತ್ತ ಬಂದರು. “ಅಲ್ಲ ಕಣವ್ವ ದಿವ್ಯ, ಮುಂದಿನ್ ತಿಂಗ್ಳು ರಮ್ಯಾಗೆ ಜ್ವರ ಗಿರ ಬಂದ್ರೇನ್ ಗತಿ? ಇವತ್ತು ನಮ್ ಪಾಡು ನೋಡ್ದಲ್ಲ. ನಿನ್ ತಲೆ ಚುರುಕೈತೆ. ಯಾವ್ದುಕ್ಕೂ ಇರ್ಲಿ, ಇಬ್ರುದೂ ನೀನೇ ಕಲ್ತ್ಕೊಂಡ್ಬುಡು.”

ಬನ್ನು ತುಂಬಿದ ರಮ್ಯಾಳ ಕೆನ್ನೆ ಆಡುವುದನ್ನು ನಿಲ್ಲಿಸಿತು.

“ಇಲ್ಲ ತಾತ,” ಎಂದಳು ದಿವ್ಯ. “ನಾನ್ ಕಲಿಯಲ್ಲ.”